ಪ್ರೆಪ್ ಮಾತ್ರೆ ಇದ್ದರೆ ಕಾಂಡೋಮ್ ಬಿಡಬಹುದೇ?

ಎಚ್‌ಐವಿ ಇಲ್ಲದವರು ಅದು ತಗುಲದಂತೆ ಮುಂಚೆಯೇ ತೆಗೆದುಕೊಳ್ಳುವ ಮಾತ್ರೆಗೆ ಪ್ರೆಪ್ ಅಂತಾರೆ. ಟೆನೋಫೋವಿರ್ ಮತ್ತು ಎಮ್‌ಟ್ರಿಸಿಟಬಿನ್ ಎಂಬ ಔಷಧಿಗಳು ಸೇರಿದ ಗುಳಿಗೆಯನ್ನು ಹೀಗೆ ಬಳಸಲು 2012ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಈಗ ಬೆಂಗಳೂರಿನಲ್ಲೂ ಸಿಗುತ್ತದೆ. ಇಲ್ಲಿನ ಇಬ್ಬರು ಗೇ ಗೆಳೆಯರ ವಾದ ಇದು.

ಪರ: ಮಾತ್ರೆಗೆ ಯಾರ ಒಪ್ಪಿಗೆಯೂ ಬೇಡ

ಕಾಂಡೋಮ್ ಮೇಲೆ ನನಗೇನೂ ಸಿಟ್ಟಿಲ್ಲ. ಕಾಲೇಜಿನ ದಿನದಿಂದ ಪರ್ಸಿನಲ್ಲಿ ಇಟ್ಟುಕೊಂಡೇ ಓಡಾಡಿದವನು. ಆದರೆ ಪರ್ಸಿನಲ್ಲಿ ಇರೋದು ಬೇರೆ, ಬೇಕಾದ ಹೊತ್ತಿಗೆ ಹೊರಗೆ ತೆಗೆಯೋದು ಬೇರೆ. ರೂಮು ಜೊತೆಗಿರುವವನದು. ಅವನು ಮತ್ತೆ ಸಿಗುತ್ತಾನೋ ಇಲ್ಲವೋ. ಆಗ ಅವನು 'ನನ್ನ ಮೇಲೆ ನಂಬಿಕೆ ಇಲ್ವಾ?' ಅಂದುಬಿಟ್ಟರೆ? ಆ ಮಾತಿಗೆ ನಾನು ಎರಡು ಸಲ ಸೋತಿದ್ದೇನೆ. ಆಮೇಲೆ ರಿಪೋರ್ಟ್ ಬರುವ ತನಕ ಗಂಟಲಲ್ಲಿ ಅನ್ನ ಇಳಿಯಲಿಲ್ಲ.

ಈಗ ಬೆಳಿಗ್ಗೆ ಕಾಫಿ ಆದ ಮೇಲೆ ಒಂದು ಮಾತ್ರೆ ನುಂಗುತ್ತೇನೆ. ರಾತ್ರಿ ಯಾರ ಹತ್ತಿರವೂ ಬೇಡಿಕೊಳ್ಳಬೇಕಾಗಿಲ್ಲ.

2015ರಲ್ಲಿ ಇಂಗ್ಲೆಂಡಿನಿಂದ ಬಂದ ಪ್ರೌಡ್ ಅಧ್ಯಯನವನ್ನು ನೋಡಿ. 544 ಮಂದಿ ಅದರಲ್ಲಿದ್ದರು. ಅರ್ಧ ಜನಕ್ಕೆ ತಕ್ಷಣ ಮಾತ್ರೆ ಕೊಟ್ಟರು, ಉಳಿದವರಿಗೆ ಒಂದು ವರ್ಷ ಕಾಯಿರಿ ಅಂದರು. ಮಾತ್ರೆ ಸಿಕ್ಕವರಲ್ಲಿ ಸೋಂಕು ತಗುಲಿದ್ದು 3 ಜನಕ್ಕೆ, ಕಾಯುತ್ತಿದ್ದವರಲ್ಲಿ 20 ಜನಕ್ಕೆ. ಅಂದರೆ ಶೇ 86ರಷ್ಟು ಕಡಿಮೆ. ಕಾಯುತ್ತಿದ್ದವರಿಗೂ ಕ್ಲಿನಿಕ್ಕಿನಲ್ಲಿ ಕಾಂಡೋಮ್ ಸಿಗುತ್ತಿತ್ತು, ಬುದ್ಧಿಮಾತೂ ಸಿಗುತ್ತಿತ್ತು. ಅದು ಸಾಲಲಿಲ್ಲ, ಅಷ್ಟೇ.

ಮದುವೆಯಾಗಿರುವ ಬೈ ಗಂಡಸನ್ನು, ಅಂದರೆ ಗಂಡು, ಹೆಣ್ಣು ಇಬ್ಬರ ಮೇಲೂ ಒಲವಿರುವವನನ್ನು, ಯೋಚಿಸಿ. ಅವನ ಪರ್ಸಿನಲ್ಲಿ ಕಾಂಡೋಮ್ ಕಂಡರೆ ಮನೆಯಲ್ಲಿ ರಂಪ. ಹಾಗಾಗಿ ಇಟ್ಟುಕೊಳ್ಳುವುದೇ ಇಲ್ಲ. ಅವನಿಗೆ ಬಂದದ್ದು ಹೆಂಡತಿಗೂ ಬರಬಹುದು. ಏನೂ ಗೊತ್ತಿಲ್ಲದ ಆ ಹೆಂಗಸಿನ ಪರವಾಗಿಯಾದರೂ ಅವನು ಮಾತ್ರೆ ನುಂಗಲಿ ಅಂತೀನಿ.

ಮಾತ್ರೆ ಇದ್ದರೆ ಲಂಗುಲಗಾಮು ಇರುವುದಿಲ್ಲ ಅನ್ನುವವರೂ ಇದ್ದಾರೆ. 2014ರಲ್ಲಿ ಅಮೆರಿಕದ ಏಡ್ಸ್ ಹೆಲ್ತ್‌ಕೇರ್ ಫೌಂಡೇಶನ್‌ನ ಮೈಕೆಲ್ ವೈನ್‌ಸ್ಟೀನ್ ಇದನ್ನು 'ಪಾರ್ಟಿ ಡ್ರಗ್' ಅಂದಿದ್ದರು. ಈ ಮಾತು ನನಗೆ ನೋವು ಕೊಡುತ್ತದೆ. ಕಾಯಿಲೆ ಬಾರದಿರಲಿ ಅಂತ ಔಷಧಿ ತೆಗೆದುಕೊಳ್ಳುವವನ ನಡತೆಯನ್ನು ಯಾಕೆ ಅಳೆಯಬೇಕು? ಪ್ರೌಡ್‌ನಲ್ಲಿ ಬೇರೆ ಲೈಂಗಿಕ ರೋಗಗಳು ಎರಡೂ ಗುಂಪಿನಲ್ಲಿ ಹೆಚ್ಚುಕಮ್ಮಿ ಒಂದೇ ಥರ ಇದ್ದವು.

ನಮ್ಮ ಜನ ದಿನಾ ಮಾತ್ರೆ ನುಂಗಲ್ಲ ಅನ್ನೋದೂ ಸುಳ್ಳು. ಮೈಸೂರಿನ ಅಶೋದಯ ಸಮಿತಿಯ ಲೈಂಗಿಕ ಕಾರ್ಮಿಕ ಮಹಿಳೆಯರು ಪ್ರಾಯೋಗಿಕ ಯೋಜನೆಯಲ್ಲಿ ಇದೇ ಮಾತ್ರೆಯನ್ನು ಶ್ರದ್ಧೆಯಿಂದ ತೆಗೆದುಕೊಂಡರು. ಅವರಿಗೆ ಆದದ್ದು ನಮಗೆ ಆಗಲ್ವಾ?

ವಿರೋಧ: ಡಬ್ಬಿ ಅಡಗಿಸಿ ಇಡುವವರ ಊರಿದು

ನಾನು ಏಳು ತಿಂಗಳು ಪ್ರೆಪ್ ತೆಗೆದುಕೊಂಡು ಬಿಟ್ಟವನು.

ಇದೇ ಔಷಧಿಯನ್ನು ಎಚ್‌ಐವಿ ಇರುವವರಿಗೂ ಬೇರೆ ಮಾತ್ರೆಯ ಜೊತೆ ಕೊಡುತ್ತಾರೆ. ಡಬ್ಬಿ ಮೇಲಿನ ಹೆಸರನ್ನು ಮೊಬೈಲಿನಲ್ಲಿ ಹುಡುಕಿದರೆ ಸಾಕು, ಕಥೆ ಮುಗೀತು. ಮೊದಲ ಸಲ ಕೊಳ್ಳಲು ಹೋದಾಗ ಮೆಡಿಕಲ್ ಅಂಗಡಿಯವರು ಮೆಲ್ಲಗೆ, ಪಾಪ ಅನ್ನೋ ದನಿಯಲ್ಲಿ, 'ಎಷ್ಟು ವರ್ಷದಿಂದ ಇದೆ ಸರ್?' ಅಂದರು. ಮನೆಗೆ ಬಂದವನೇ ಮಾತ್ರೆಗಳನ್ನು ವಿಟಮಿನ್ ಡಬ್ಬಿಗೆ ಸುರಿದೆ.

ಯುಗಾದಿಗೆ ಊರಿಂದ ಅಮ್ಮ ಬಂದರು. ಕಪಾಟು ಒರೆಸುವಾಗ ಡಬ್ಬಿ ಅವರ ಕೈಗೆ ಸಿಕ್ಕಿತು. 'ನಂಗೂ ಭಾಳ ಸುಸ್ತು ಕಣೋ, ಒಂದು ಕೊಡು' ಅಂದರು. ಮುಚ್ಚಳ ಆಗಲೇ ತೆಗೆದಿದ್ದರು. ಡೇಟ್ ಮುಗಿದಿದೆಯಮ್ಮ ಅಂತ ಕಿತ್ತುಕೊಂಡು ಕಸದ ಬುಟ್ಟಿಗೆ ಹಾಕಿದೆ. ಅವರು ಇದ್ದ ಹನ್ನೊಂದು ದಿನ ನನಗೆ ಮಾತ್ರೆ ಇರಲಿಲ್ಲ.

ಗೆಳೆಯ ಮೈಸೂರಿನ ಮಾತು ಹೇಳಿದ. ಸರಿಯಾಗಿಯೇ ಹೇಳಿದ. ಆದರೆ ಆ ಮಹಿಳೆಯರಿಗೆ ಅವರದೇ ಸಂಘ ಇತ್ತು. ಮಾತ್ರೆ ತಗೊಂಡ್ಯಾ ಅಂತ ಕೇಳುವ ಜೊತೆಗಾತಿಯರಿದ್ದರು. ಪಿಜಿ ರೂಮಿನಲ್ಲಿ ಮೂವರ ಜೊತೆ ಮಲಗುವ ಹುಡುಗನನ್ನು ಯಾರು ಕೇಳುತ್ತಾರೆ?

ಅವನು ಪ್ರೌಡ್ ಲೆಕ್ಕ ಕೊಟ್ಟ. ನಾನು 2010ರ ಐಪ್ರೆಕ್ಸ್ ಅನ್ನುವ ಇನ್ನೊಂದು ಪ್ರೆಪ್ ಅಧ್ಯಯನದ ಲೆಕ್ಕ ಕೊಡುತ್ತೇನೆ. ಆರು ದೇಶ, 2,499 ಜನ, ರಕ್ಷಣೆ ಶೇ 44 ಮಾತ್ರ. ಔಷಧಿ ಸೋತದ್ದಲ್ಲ. ನುಂಗಿದ್ದೇವೆ ಅಂದ ಎಷ್ಟೋ ಜನರ ರಕ್ತದಲ್ಲಿ ಮಾತ್ರೆಯ ಸುಳಿವೇ ಇರಲಿಲ್ಲ. ಅವರು ಕೆಟ್ಟವರಲ್ಲ, ನನ್ನ ಥರದವರು.

ಇನ್ನು ಸಿಫಿಲಿಸ್, ಗೊನೊರಿಯಾ ಥರದ ಲೈಂಗಿಕ ರೋಗಗಳು. ಪ್ರೆಪ್ ಇವನ್ನು ತಡೆಯುವುದೇ ಇಲ್ಲ, ಕಾಂಡೋಮ್ ಬಹಳ ಮಟ್ಟಿಗೆ ತಡೆಯುತ್ತದೆ. ಮಾತ್ರೆ ಶುರುಮಾಡುವ ಮುಂಚೆ ಎಚ್‌ಐವಿ, ಹೆಪಟೈಟಿಸ್ ಬಿ, ಕಿಡ್ನಿ ಪರೀಕ್ಷೆ ಆಗಬೇಕು. ಆಮೇಲೆ ಮೂರು ತಿಂಗಳಿಗೊಮ್ಮೆ ಮತ್ತೆ ಎಚ್‌ಐವಿ ಪರೀಕ್ಷೆ. ಗೊತ್ತಿಲ್ಲದೆ ಎಚ್‌ಐವಿ ಇದ್ದವನು ಬರೀ ಇದನ್ನೇ ನುಂಗುತ್ತಾ ಹೋದರೆ ವೈರಸ್ ಔಷಧಿಗೆ ಬಗ್ಗದಂತಾಗಬಹುದು. ಇದನ್ನೆಲ್ಲ ಮಾಡಿಸಲು ಹೋದಾಗ ಡಾಕ್ಟರು ಮೊದಲು ಕೇಳಿದ್ದು 'ಮದುವೆ ಯಾವಾಗ?' ಅಂತ. ಎರಡನೇ ಸಲ ಆ ಬಾಗಿಲು ತಟ್ಟಲು ನನಗೆ ಮನಸ್ಸಾಗಲಿಲ್ಲ.

ಎಚ್‌ಐವಿ ತಗುಲದಂತೆ ಆರು ತಿಂಗಳಿಗೊಂದು ಸಲ ಚುಚ್ಚುವ ಲೆನಾಕಪವಿರ್ ಔಷಧಿಗೆ 2025ರ ಜೂನ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿದೆ. ಅದು ಇಲ್ಲಿ ಎಲ್ಲರ ಕೈಗೆಟುಕಿದರೆ ಡಬ್ಬಿಯ ಕಾಟ ತಪ್ಪುತ್ತದೆ. ಅದನ್ನು ಸಂತೋಷದಿಂದಲೇ ಕಾಯುತ್ತಿದ್ದೇನೆ.

ಮಾತ್ರೆ ಬೇಡ ಅಂತ ನಾನು ಹೇಳುತ್ತಿಲ್ಲ. ಆಗುವವರು ತೆಗೆದುಕೊಳ್ಳಲಿ, ಆದರೆ ಕಾಂಡೋಮ್ ಬಿಡುವುದು ಬೇಡ. ಈಗ ಹುಡುಗರು ಡೇಟಿಂಗ್ ಆ್ಯಪ್ ಪ್ರೊಫೈಲಿನಲ್ಲಿ 'ಆನ್ ಪ್ರೆಪ್' ಅಂತ ಹಾಕಿಕೊಳ್ಳುತ್ತಾರೆ. ಓದುವಾಗೆಲ್ಲ ನನಗೆ ಆ ಹನ್ನೊಂದು ದಿನ ನೆನಪಾಗುತ್ತದೆ. ಆಗಲೂ ನನ್ನ ಪ್ರೊಫೈಲಿನಲ್ಲಿ ಅದೇ ಎರಡು ಪದ ಇದ್ದವು.