ಕಲ್ಲಿಗೆ ನಿಂಬೆಹಣ್ಣು ಹಿಂಡಿದ ಕಥೆ

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡಬೇಕು ಅಂತ ಹಟ ಹಿಡಿದವನು ನಾನೇ. ಮೀನಿಗೇ ಜಾಸ್ತಿ ಖರ್ಚು ಅಂದುಕೊಂಡಿದ್ದೆ. ತಲೆ ತಿಂದದ್ದು ಕಲ್ಲು.

ಸಿಹಿನೀರಿನ ತೊಟ್ಟಿಗಾದರೆ ಚೆಂದ ಕಂಡ ಕಲ್ಲನ್ನು ತೊಳೆದು ಹಾಕಿದರೂ ಹೇಗೋ ನಡೆಯುತ್ತದೆ. ಇಲ್ಲಿ ಕಲ್ಲೇ ಫಿಲ್ಟರು. ಅದರ ಸಣ್ಣ ಸಣ್ಣ ತೂತುಗಳಲ್ಲಿ ಬ್ಯಾಕ್ಟೀರಿಯಾ ಸಂಸಾರ ಹೂಡಿ, ಮೀನಿನ ಗಲೀಜಿನಿಂದ ಬರುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡಬೇಕು. ಹಾಗಾಗಿ ಕಲ್ಲು ಹಗುರ ಇರಬೇಕು, ಮೈತುಂಬ ತೂತಿರಬೇಕು, ಸುಣ್ಣದ ಜಾತಿಯದ್ದಾಗಿದ್ದರೆ ಇನ್ನೂ ಒಳ್ಳೆಯದು. ಬೆಂಗಳೂರಿನಲ್ಲಿ ಎಲ್ಲಿ ನೋಡಿದರೂ ಗ್ರಾನೈಟ್. ತೂತು ಬೇಕೆಂದರೆ ಡ್ರಿಲ್ ತರಬೇಕು.

ಸಮುದ್ರದಿಂದಲೇ ಹವಳದ ಕಲ್ಲು ತರಿಸೋಣ ಅಂದರೆ, ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹುಲಿಯ ಸಾಲಿನಲ್ಲೇ. ಹಾಲ್‌ನಲ್ಲಿ ಹುಲಿ ಕಟ್ಟುವ ಧೈರ್ಯ ನನಗಿಲ್ಲ.

ಮಾವನವರು ಉಡುಪಿ ಕಡೆಯವರು. "ನಮ್ಮಲ್ಲಿ ಮುರಕಲ್ಲು ಉಂಟಲ್ಲ, ಮೈಯೆಲ್ಲ ತೂತೇ, ಎಷ್ಟು ಬೇಕು ಹೇಳಿ" ಅಂದರು. ನಾನು ಹೇಳುವ ಮೊದಲೇ ಹಲಸಿನಹಣ್ಣಿನ ಜೊತೆ ಗೋಣಿಯಲ್ಲಿ ನಾಲ್ಕು ಕಲ್ಲು ಬಸ್ಸಿಳಿದವು. ತೂತೇನೋ ಚೆನ್ನಾಗಿತ್ತು, ಆದರೆ ಅದರ ಕೆಂಪು ಬಣ್ಣವೇ ಕಬ್ಬಿಣದ್ದು. ಬಕೆಟ್‌ಗೆ ಹಾಕಿದ ಅರ್ಧ ಗಂಟೆಗೆ ನೀರು ಟೊಮೆಟೊ ಸಾರು. ಈಗ ಅವು ಬಾಲ್ಕನಿಯಲ್ಲಿ ತುಳಸಿ ಕುಂಡ ಹೊತ್ತಿವೆ.

ಸುಣ್ಣದ ಕಲ್ಲೋ ಅಲ್ವೋ ಅಂತ ತಿಳಿಯಲು ಸುಲಭದ ದಾರಿ ಇದೆ. ಹುಳಿ ಬಿದ್ದರೆ ನೊರೆ ಬರಬೇಕು. ಅವತ್ತು ಅರ್ಧ ನಿಂಬೆಹಣ್ಣು ಹಿಡಿದು ಮನೆಯೆಲ್ಲ ಸುತ್ತಿದೆ. ಒರಳುಕಲ್ಲು, ಊಹೂಂ. ಅಡುಗೆಮನೆ ಕಟ್ಟೆ, ಅದೂ ಊಹೂಂ. ದೇವರಮನೆ ಹೊಸ್ತಿಲ ಬಿಳಿ ಕಲ್ಲಿನ ಮೇಲೆ ನಾಲ್ಕು ಹನಿ ಹಿಂಡಿ ಬಗ್ಗಿ ನೋಡಿದೆ, ಸಣ್ಣ ಸಣ್ಣ ಗುಳ್ಳೆ! "ಬಾರೇ, ಕ್ಯಾಲ್ಸಿಯಂ ಕಾರ್ಬೋನೇಟ್!" ಅಂತ ಕೂಗಿದೆ. ಅವಳು ಬಂದು ಒರೆಸಿದಳು. ಹೊಳೆಯುತ್ತಿದ್ದ ಕಲ್ಲಿನಲ್ಲಿ ಐದು ರೂಪಾಯಿ ನಾಣ್ಯದಷ್ಟು ಜಾಗ ಮಂಕಾಗಿ ಕೂತಿತ್ತು.

"ಅದು ಮಾರ್ಬಲ್ ಅಂತ ನನಗೆ ಗೊತ್ತಿತ್ತು ರೀ. ನನ್ನನ್ನೇ ಕೇಳಬಹುದಿತ್ತು."

ಅಷ್ಟರಲ್ಲಿ ಕೆಲಸದಾಕೆ ಬಂದಳು. ಹೊಸ್ತಿಲ ಮೇಲೆ ಹಿಂಡಿದ ನಿಂಬೆಹಣ್ಣು ನೋಡಿ ಅಲ್ಲೇ ನಿಂತಳು. "ಯಾರಿಗಕ್ಕ ದೃಷ್ಟಿಯಾಗಿರೋದು?" ಹೆಂಡತಿ ಮಾತಾಡದೆ ನನ್ನ ಕಡೆ ಕೈ ತೋರಿಸಿದಳು.

ಕೊನೆಗೆ ಕಲ್ಲನ್ನು ನಾನೇ ಮಾಡಿದೆ. ಸಿಮೆಂಟು, ಪುಡಿ ಮಾಡಿದ ಕಪ್ಪೆಚಿಪ್ಪು, ಜೊತೆಗೆ ಕಲ್ಲುಪ್ಪು. ಗಟ್ಟಿಯಾದ ಮೇಲೆ ನೆನೆಹಾಕಿದರೆ ಉಪ್ಪು ಕರಗಿ ಹೋಗುತ್ತದೆ, ಅದಿದ್ದ ಜಾಗವೇ ತೂತು. ಆಕಾರ ಮಾತ್ರ ಥೇಟ್ ಅಂಬೊಡೆ. ಸಿಮೆಂಟಿನ ಖಾರ ಬಿಡುವವರೆಗೆ, ಅಂದರೆ ಪಿಎಚ್ 8.3ರ ಹತ್ತಿರ ಬರುವವರೆಗೆ, ನೀರು ಬದಲಿಸುತ್ತಲೇ ಇರಬೇಕು. ಏಳು ವಾರ ಸ್ನಾನದ ಬಕೆಟ್‌ನಲ್ಲಿ ಅಂಬೊಡೆ ನೆಂದವು. ನಾವು ಚೊಂಬು ಹಿಡಿದು ನಲ್ಲಿ ಕೆಳಗೆ ಕೂತೆವು. ಆಮೇಲೆ ಬ್ಯಾಕ್ಟೀರಿಯಾ ಬೆಳೆಯಲಿ ಅಂತ ಇನ್ನೊಂದು ತಿಂಗಳು ಬರೀ ಕಲ್ಲು, ನೀರು ನೋಡಿಕೊಂಡಿದ್ದೆವು. ಬಂದ ನೆಂಟರು "ಮೀನೆಲ್ಲಿ?" ಅಂತ ತೊಟ್ಟಿಯ ಹಿಂದೆಲ್ಲ ಬಗ್ಗಿ ಹುಡುಕಿದರು.

ಅಂತೂ ಎರಡು ಕ್ಲೌನ್ ಮೀನು ಬಂದವು. ರಾತ್ರಿ ಎಚ್ಚರಾಗಿ, ನನ್ನ ಕಲ್ಲಿನ ಗುಹೆಯಲ್ಲಿ ಹೇಗೆ ಮಲಗಿರಬಹುದು ಅಂತ ಟಾರ್ಚ್ ಬಿಟ್ಟು ನೋಡಿದೆ. ಎರಡೂ ಮೂಲೆಯಲ್ಲಿ ಹೀಟರಿಗೆ ಒರಗಿಕೊಂಡಿದ್ದವು.

ಹಿಂದೆ ನಿಂತು ಅವಳೂ ನೋಡುತ್ತಿದ್ದಳು. "ಮನೆ ಖಾಲಿ ಇದೆಯಲ್ಲಾ ರೀ, ಟು ಲೆಟ್ ಬೋರ್ಡ್ ಹಾಕಿ."