ಹೆಬ್ಬೆರಳಿನ ವಾಲ್ವ್

ನಮ್ಮ ಬಚ್ಚಲುಮನೆಯ ನಲ್ಲಿ ಸೋರಲು ಶುರುವಾದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹಗಲು ಹೊತ್ತು ಅದರ ಸದ್ದೇ ಕೇಳಿಸುತ್ತಿರಲಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ ಮಾತ್ರ ಟಪ್... ಟಪ್... ಬಿದ್ದ ಹನಿಯ ಮೇಲೆ ನನಗೇನೂ ಸಿಟ್ಟಿಲ್ಲ. ಮುಂದಿನ ಹನಿ ಯಾವಾಗ ಬೀಳುತ್ತದೋ ಎಂದು ಕಾಯುತ್ತೇವಲ್ಲ, ನಿದ್ದೆ ಕೆಡಿಸುವುದು ಅದು.

ಒಂದು ರಾತ್ರಿ ಐದು ಲೀಟರಿನ ಬಕೆಟ್ ಇಟ್ಟು ಮಲಗಿದೆ. ಎಂಟು ಗಂಟೆ ಬಿಟ್ಟು ನೋಡಿದರೆ ಬಕೆಟ್ ಭರ್ತಿ. ದಿನಕ್ಕೆ 15 ಲೀಟರ್, ವರ್ಷಕ್ಕೆ 5,400 ಲೀಟರಿಗೂ ಜಾಸ್ತಿ! ಈ ಲೆಕ್ಕ ಒಪ್ಪಿಸಿದಾಗ ಹೆಂಡತಿ, “ರೀ, ಲೆಕ್ಕ ಇರಲಿ, ಮೊದಲು ಯಾರನ್ನಾದ್ರೂ ಕರೀರಿ” ಎಂದಳು.

ಯಾರನ್ನಾದರೂ ಯಾಕೆ? ನಾನಿಲ್ವಾ?

ವಿಷಯ ತೀರಾ ಸಣ್ಣದು. ನಲ್ಲಿಯ ಹೊಟ್ಟೆಯೊಳಗೆ ಒಂದು ರಬ್ಬರ್ ವಾಷರ್ ಇರುತ್ತದೆ. ನಲ್ಲಿ ತಿರುಗಿಸಿದಾಗ ಅದು ಕೆಳಗಿಳಿದು ನೀರಿನ ದಾರಿ ಮುಚ್ಚುತ್ತದೆ. ಸವೆದರೆ ಸೋರುತ್ತದೆ. ಸೋರುತ್ತಿದೆ ಎಂದು ನಾವು ಇನ್ನೂ ಬಿಗಿಯಾಗಿ ತಿರುಗಿಸುತ್ತೇವೆ, ಅದು ಇನ್ನೂ ಸವೆಯುತ್ತದೆ. ಹಳೆಯದನ್ನು ತೆಗೆದು ಹೊಸದು ಹಾಕಿದರೆ ಮುಗಿಯಿತು. ಐದು ನಿಮಿಷದ ಕೆಲಸ. ಹೀಗೆ ಹೇಳಿದವರು ಯಾರೋ ನೆನಪಿಲ್ಲ, ಸಿಕ್ಕರೆ ಮಾತಾಡಬೇಕು.

ಮೊದಲು ಟ್ಯಾಂಕಿನಿಂದ ಬರುವ ನೀರು ನಿಲ್ಲಿಸಬೇಕು. ಅಷ್ಟು ಬುದ್ಧಿ ನನಗಿದೆ. ಮಹಡಿ ಹತ್ತಿ ಗೇಟ್ ವಾಲ್ವ್ ತಿರುಗಿಸಿದೆ. ಅಲುಗಲಿಲ್ಲ. ಎರಡೂ ಕೈ ಹಾಕಿದೆ. ಕಿರ್ರ್ ಎಂದು ಅರ್ಧ ಸುತ್ತು ತಿರುಗಿ ನಿಂತಿತು. ಮುಚ್ಚಿತು ಎಂದುಕೊಂಡೆ. ವರ್ಷಗಟ್ಟಲೆ ಮುಟ್ಟದ ಗೇಟ್ ವಾಲ್ವಿನ ಒಳಗೆ ಉಪ್ಪು, ತುಕ್ಕು ಎಲ್ಲ ಕೂತು, ಗೇಟು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ ಅನ್ನುವುದು ಆಗ ಗೊತ್ತಿರಲಿಲ್ಲ. ಕೆಳಗೆ ಬಂದು ನಲ್ಲಿ ಬಿಟ್ಟು ಪರೀಕ್ಷಿಸಬಹುದಿತ್ತು. ಮಾಡಲಿಲ್ಲ. ನನ್ನ ತೋಳ್ಬಲದ ಮೇಲೆ ನನಗೆ ಅಷ್ಟು ನಂಬಿಕೆ.

ನಲ್ಲಿಯ ತಲೆ ಬಿಚ್ಚುವಾಗ ಒಂದು ಸ್ಪ್ಯಾನರಿನಲ್ಲಿ ಬುಡ ಅಲುಗದಂತೆ ಹಿಡಿದು, ಇನ್ನೊಂದರಲ್ಲಿ ತಲೆ ತಿರುಗಿಸಬೇಕು. ನನ್ನ ಹತ್ತಿರ ಇದ್ದದ್ದು ಒಂದೇ. ತಿರುಗಿಸಿದೆ. ತಲೆ ಬರಲಿಲ್ಲ, ಗೋಡೆಯಿಂದ ಇಡೀ ನಲ್ಲಿಯೇ ಕೈಗೆ ಬಂತು. ಅದರ ಹಿಂದೆಯೇ ಟ್ಯಾಂಕಿನ ನೀರು ನನ್ನ ಎದೆಗೆ ಬಂತು.

ಹೆಬ್ಬೆರಳನ್ನು ಗೋಡೆಯ ತೂತಿಗೆ ಒತ್ತಿದೆ. ನೀರು ನಿಂತಿತು. ಅಷ್ಟೇ, ಮುಂದೇನು ಮಾಡುವುದು ಗೊತ್ತಿಲ್ಲ. ಬೆರಳು ತೆಗೆದರೆ ಪ್ರವಾಹ, ತೆಗೆಯದಿದ್ದರೆ ಜೀವಮಾನವಿಡೀ ಇಲ್ಲೇ. ಹೆಂಡತಿ ಹೊರಗೆ ಹೋಗಿದ್ದಳು, ಮೊಬೈಲ್ ಹಾಲ್‌ನಲ್ಲಿತ್ತು, ಅಮ್ಮ ಮಲಗಿದ್ದರು. ಹೊತ್ತು ಕಳೆಯಲು ಶಾಲೆಯಲ್ಲಿ ಓದಿದ್ದನ್ನು ನೆನಪಿಸಿಕೊಂಡೆ. ನೀರು ಹತ್ತು ಮೀಟರ್ ಎತ್ತರದಲ್ಲಿದ್ದರೆ ಒತ್ತಡ ಸುಮಾರು ಒಂದು ಬಾರ್. ನಮ್ಮ ಟ್ಯಾಂಕಿನ ನೀರು ನಲ್ಲಿಗಿಂತ ಮೂರು ಮೀಟರ್ ಮೇಲಿದೆ. ಅಂದರೆ 0.3 ಬಾರ್. ಬೆರಳಿನ ಮೇಲೆ ಬೀಳುತ್ತಿದ್ದ ಭಾರ ಒಂದು ಕೆಜಿಯೂ ಇರಲಿಕ್ಕಿಲ್ಲ. ಕಾಗದದ ಮೇಲೆ ಇದು ತುಂಬಾ ಕಡಿಮೆ. ಇಪ್ಪತ್ತು ನಿಮಿಷ ಆದಮೇಲೆ ಬೆರಳಿಗೆ ಕೇಳಿ.

ನಲವತ್ತನೇ ನಿಮಿಷಕ್ಕೆ ಅಮ್ಮ ಎದ್ದು ಬಂದರು. ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಏನೋ ಅದು, ಗೋಡೆ ಬೀಳತ್ತೆ ಅಂತ ಹಿಡ್ಕೊಂಡಿದ್ದೀಯಾ?”

“ನೀರಮ್ಮಾ! ಬೆರಳು ತೆಗೆದ್ರೆ ನೀರು!”

“ಇನ್ನೊಂದು ಕೈಯಲ್ಲಿ ಏನಿದೆ?”

“ನಲ್ಲಿ.”

“ಅದನ್ನೇ ವಾಪಸ್ ತಿರುಗಿಸಬಾರದೇನೋ?”

ನಲವತ್ತು ನಿಮಿಷ ನಾನು ಎಡಗೈಯಲ್ಲಿ ಹಿಡಿದು ನಿಂತಿದ್ದದ್ದು ಅದನ್ನೇ. ಇನ್ನೊಮ್ಮೆ ಒದ್ದೆಯಾಗಿ ತಿರುಗಿಸಿದೆ. ಮೊದಲು ಬಾಯಲ್ಲಿ ಮಾತ್ರ ಸೋರುತ್ತಿತ್ತು. ಈಗ ಬುಡದಲ್ಲೂ ಸೋರತೊಡಗಿತು.

ಹಾಗಾಗಿ ಹೊಸ ನಲ್ಲಿ. ಅಳತೆ ಬೇಕಲ್ಲ? ಸ್ಕೇಲ್ ಹಿಡಿದು ಹಳೆಯ ನಲ್ಲಿಯ ಮರೆಯನ್ನು, ಅಂದರೆ ಗೋಡೆಯೊಳಗೆ ತಿರುಗಿ ಕೂರುವ ತಿರುಪಿನ ಭಾಗವನ್ನು, ಅಳೆದೆ. 21 ಮಿಲಿಮೀಟರ್. ಅರ್ಧ ಇಂಚು ಅಂದರೆ 12.7, ಮುಕ್ಕಾಲು ಇಂಚು ಅಂದರೆ 19. ಹತ್ತಿರದ್ದು ಮುಕ್ಕಾಲು ಎಂದು ಅದನ್ನೇ ತಂದೆ. ಗೋಡೆಯ ತೂತಿನ ಮುಂದೆ ಹಿಡಿದರೆ, ಬಾಟಲಿಗೆ ಬಕೆಟ್ಟಿನ ಮುಚ್ಚಳ ಹಾಕಲು ಹೊರಟ ಹಾಗಿತ್ತು. ವಾಪಸ್ ಒಯ್ದಾಗ ಅಂಗಡಿಯವನು, “ಸಾರ್, 21 ಇದ್ರೆ ಅರ್ಧ ಇಂಚು” ಎಂದ. ಹಳೇ ಕಾಲದಲ್ಲಿ ಕಬ್ಬಿಣದ ಪೈಪಿನ ಒಳಗಿನ ಅಗಲಕ್ಕೆ ಕೊಟ್ಟ ಹೆಸರಂತೆ ಅದು. ಹೊರಗಿನ ಮರೆ ಬೇರೆ. ಅರ್ಧ ಇಂಚಿನ ನಲ್ಲಿಯಲ್ಲಿ ಎಲ್ಲಿ ಅಳೆದರೂ ಅರ್ಧ ಇಂಚು ಸಿಗದಿದ್ದರೆ ಗಾಬರಿಯಾಗಬೇಡಿ, ಸರಿಯಾಗೇ ಇದೆ.

ಜೊತೆಗೆ, ನೀರು ಸೋರದಂತೆ ಮರೆಗೆ ಸುತ್ತುವ ಟೆಫ್ಲಾನ್ ಟೇಪ್ ಕೊಟ್ಟ. ವಾಲ್ವ್ ತಿರುಗಿಸಿ ಬೆಪ್ಪಾದವರಲ್ಲಿ ನಾನೇ ಮೊದಲಿಗನಲ್ಲ ಎಂಬ ಸಮಾಧಾನ ನನಗೆ ಈ ಟೇಪಿನಿಂದ ಸಿಕ್ಕಿದೆ. 1938ರ ಏಪ್ರಿಲ್ 6ರಂದು ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ರಾಯ್ ಪ್ಲಂಕೆಟ್ ಎಂಬುವರ ಸಹಾಯಕ ಜ್ಯಾಕ್ ರೆಬಾಕ್ ಒಂದು ಗ್ಯಾಸ್ ಸಿಲಿಂಡರಿನ ವಾಲ್ವ್ ತೆರೆದರು. ಗ್ಯಾಸ್ ಬರಲಿಲ್ಲ. ತೂಕ ನೋಡಿದರೆ ಸಿಲಿಂಡರ್ ಖಾಲಿಯಾಗಿಲ್ಲ. ಕೊಯ್ದು ನೋಡಿದಾಗ ಒಳಗೆ ಬಿಳಿ ಪುಡಿ. ಅದೇ ಮುಂದೆ ಟೆಫ್ಲಾನ್ ಆಯಿತು. ಪ್ಲಂಕೆಟ್ ಅವರ ಪೇಚಾಟಕ್ಕೆ ಪೇಟೆಂಟ್ ಸಿಕ್ಕಿತು. ನನ್ನದಕ್ಕೆ ಏನು ಸಿಕ್ಕಿತು ಎಂದು ಹೇಳಬೇಕಾಗಿಲ್ಲ.

ಟೇಪನ್ನು ಮರೆಯ ತುದಿ ನಮ್ಮ ಕಡೆ ಇಟ್ಟುಕೊಂಡು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತಬೇಕು. ಉಲ್ಟಾ ಸುತ್ತಿದರೆ ನಲ್ಲಿ ಬಿಗಿ ಮಾಡುತ್ತಾ ಹೋದಂತೆ ಟೇಪ್ ಬಿಚ್ಚುತ್ತಾ ಬರುತ್ತದೆ. ಇದನ್ನು ನಾನು ಮೂರನೇ ಸಲ ಸುತ್ತುವಾಗ ಕಲಿತೆ.

ಇಷ್ಟಾದ ಮೇಲೆ ಪ್ಲಂಬರ್ ಬಂದ. ಗೇಟ್ ವಾಲ್ವ್ ನೋಡಿ, “ಇದನ್ನು ಕೊನೆಗೆ ಯಾವಾಗ ಸಾರ್ ತಿರುಗಿಸಿದ್ದು?” ಎಂದು ಕೇಳಿದ. ನಾನು ಆಕಾಶ ನೋಡಿದೆ. ಅದನ್ನು ಕಿತ್ತು ಬಾಲ್ ವಾಲ್ವ್ ಹಾಕಿದ. ಕಾಲು ಸುತ್ತು ತಿರುಗಿಸಿದರೆ ಸಾಕು. ಲಿವರ್ ಪೈಪಿನ ಉದ್ದಕ್ಕೆ ಇದ್ದರೆ ಓಪನ್, ಅಡ್ಡ ಇದ್ದರೆ ಬಂದ್. “ತಿಂಗಳಿಗೊಂದ್ಸಲ ತಿರುಗಿಸ್ತಾ ಇರಿ ಸಾರ್, ಹಿಡ್ಕೊಳ್ಳಲ್ಲ” ಎಂದ.

ಅವನು ಬಂದಿದ್ದಾನಲ್ಲ ಎಂದು ಹೊಸ ಶವರ್ ಕೂಡ ಹಾಕಿಸಿದೆ. ಊಟದ ತಟ್ಟೆಯಷ್ಟು ಅಗಲ. ಡಬ್ಬಿಯ ಮೇಲಿನ ಚಿತ್ರದಲ್ಲಿ ಧೋ ಎಂದು ಮಳೆ. ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ‘ಕನಿಷ್ಠ ಒತ್ತಡ 1 ಬಾರ್’ ಎಂದಿತ್ತು. ನಲವತ್ತು ನಿಮಿಷ ಹೆಬ್ಬೆರಳಿನಲ್ಲಿ 0.3 ಬಾರ್ ಹಿಡಿದ ಮನುಷ್ಯ ಅದನ್ನು ಓದಲಿಲ್ಲ. ಶವರ್ ಇರುವುದು ನಲ್ಲಿಗಿಂತ ಎತ್ತರದಲ್ಲಿ, ಅಲ್ಲಿ ಒತ್ತಡ ಇನ್ನೂ ಕಡಿಮೆ. ತಿರುಗಿಸಿದರೆ ಅಂಚಿನಿಂದ ನಿಧಾನವಾಗಿ ಟಪ್... ಟಪ್...

“ಮೊದಲು ಪುಕ್ಕಟೆಯಾಗಿ ಸೋರ್ತಿತ್ತು” ಎಂದಳು ಹೆಂಡತಿ. “ಈಗ ದುಡ್ಡು ಕೊಟ್ಟು ಸೋರೋದನ್ನ ತಂದಿದ್ದೀರಾ.”

ಅವಳು ಮತ್ತೆ ಬಕೆಟ್ಟು, ಚೊಂಬಿಗೆ ಹೋದಳು. ನಾನು ಮಾತ್ರ ಪ್ಲಂಬರ್ ಹೇಳಿದ್ದನ್ನು ತಪ್ಪದೆ ಪಾಲಿಸುತ್ತಿದ್ದೇನೆ. ಈ ತಿಂಗಳ ಒಂದನೇ ತಾರೀಖು ಬೆಳಗ್ಗೆ ಮಹಡಿಗೆ ಹೋಗಿ ಲಿವರನ್ನು ಅಡ್ಡ ತಿರುಗಿಸಿದೆ. ಬೆಣ್ಣೆಯ ಹಾಗೆ ತಿರುಗಿತು. ಅಷ್ಟರಲ್ಲಿ ಫೋನ್ ಬಂತು. ಹಳೇ ಗೆಳೆಯ. ಅವನ ಮನೆ ನಲ್ಲಿ ಸೋರುತ್ತಿದೆಯಂತೆ. ಯಾರನ್ನೂ ಕರೀಬೇಡ, ಐದು ನಿಮಿಷದ ಕೆಲಸ ಎಂದು ಅವನಿಗೆ ವಾಷರಿನಿಂದ ಹಿಡಿದು ಟೇಪಿನವರೆಗೆ ಎಲ್ಲ ವಿವರಿಸುತ್ತಾ ಕೆಳಗಿಳಿದು ಬಂದೆ.

ತಲೆಗೆ ಶಾಂಪೂ ಹಾಕಿಕೊಂಡಿದ್ದ ಹೆಂಡತಿ ಬಚ್ಚಲಿನಿಂದ ಕೂಗಿದಳು.

“ರೀ...!”

ಅದು ಒಂದು ಬಾರ್‌ಗಿಂತ ಖಂಡಿತಾ ಜಾಸ್ತಿ ಇತ್ತು.