ಶೋಕೇಸಿನ ಹತ್ತಿ ಹಿಮ

ಹಳೆಯ ಅಂಗಡಿಗಳ ಫೋಟೊ ನೋಡುವುದು ನನಗೊಂದು ಚಟ. ಅದರಲ್ಲೂ ಇಂಗ್ಲೆಂಡಿನ ಸಣ್ಣ ಊರುಗಳ ಕ್ರಿಸ್‌ಮಸ್ ಕಾಲದ ಅಂಗಡಿಗಳು ಸಿಕ್ಕರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ವಿಕ್ಟೋರಿಯಾ ರಾಣಿಯ ಕಾಲದ ಮಾಂಸದಂಗಡಿಗಳನ್ನೇ ನೋಡಿ. ಬಾಗಿಲ ಪಕ್ಕದಿಂದ ಮಹಡಿಯ ಕಿಟಕಿಯವರೆಗೆ ಟರ್ಕಿ ಕೋಳಿ, ಹೆಬ್ಬಾತುಗಳು ಸಾಲುಸಾಲಾಗಿ ತೂಗುತ್ತಿರುತ್ತವೆ. ಗೋಡೆಯೇ ಕಾಣುವುದಿಲ್ಲ. ಕೆಳಗೆ ಮಾಲೀಕ ಮತ್ತು ಏಪ್ರನ್ ಕಟ್ಟಿದ ಹುಡುಗರು, ಮದುವೆ ಮನೆಯ ಗ್ರೂಪ್ ಫೋಟೊಗೆ ನಿಂತ ಹಾಗೆ ಎದೆ ಸೆಟೆಸಿ ನಿಂತಿರುತ್ತಾರೆ. ಮನೆಮನೆಗೆ ಫ್ರಿಜ್ ಬರುವ ಮೊದಲಿನ ಮಾತು. ಡಿಸೆಂಬರಿನ ಚಳಿ ಮಾಂಸವನ್ನೂ ಕಾಯುತ್ತಿತ್ತು, ಜಾಹೀರಾತನ್ನೂ ಮಾಡಿಕೊಡುತ್ತಿತ್ತು.

ಉಳಿದ ಅಂಗಡಿಗಳಿಗೆ ಗಾಜು ಬೇಕಿತ್ತು. ಬ್ರಿಟನ್ನಿನಲ್ಲಿ ಗಾಜಿಗೂ ತೆರಿಗೆ ಇತ್ತು, ಅದು ಹೋದದ್ದು 1845ರಲ್ಲಿ. ಆಮೇಲೆ ಶೋಕೇಸುಗಳು ಹಿಗ್ಗಿದವು. 1874ರಲ್ಲಿ ನ್ಯೂಯಾರ್ಕಿನ ಮೇಸೀಸ್ ಎಂಬ ದೊಡ್ಡ ಅಂಗಡಿ ಕ್ರಿಸ್‌ಮಸ್‌ಗೆಂದು ಗಾಜಿನ ಹಿಂದೆ ಬೊಂಬೆಗಳನ್ನು ಜೋಡಿಸಿತು. ಲಂಡನ್ನಿನ ಸೆಲ್‌ಫ್ರಿಜಸ್ 1909ರಲ್ಲಿ ಶುರುವಾದಾಗ, ಅಂಗಡಿ ಮುಚ್ಚಿದ ಮೇಲೂ ಶೋಕೇಸಿನ ದೀಪ ಆರಿಸುತ್ತಿರಲಿಲ್ಲ. ಕೊಳ್ಳಲು ಕಾಸಿಲ್ಲದವರೂ ರಾತ್ರಿ ಬಂದು ನೋಡಿಕೊಂಡು ಹೋಗಬಹುದಿತ್ತು. ನೋಡುವುದು ಬಿಟ್ಟಿ ತಾನೇ?

ಸಣ್ಣ ಊರಿನ ದಿನಸಿಯವನಿಗೆ ಇಷ್ಟೆಲ್ಲ ಎಲ್ಲಿ ಸಾಧ್ಯ? ಅವನು ದಾರಕ್ಕೆ ಹತ್ತಿಯ ಉಂಡೆ ಅಂಟಿಸಿ ಇಳಿಬಿಡುತ್ತಿದ್ದ. ಅದೇ ಹಿಮ. ಸಾಲಾಗಿಟ್ಟ ಚಾಕಲೇಟ್ ಡಬ್ಬಿಗಳು ಎಷ್ಟೋ ಸಲ ಖಾಲಿ. ದೀಪದ ಬಿಸಿಗೆ ಚಾಕಲೇಟ್ ಕರಗಿದರೆ ನಷ್ಟ ಯಾರಿಗೆ? ಗಾಜಿಗೆ ಮೂಗು ಒತ್ತಿ ನಿಂತ ಮಕ್ಕಳಿಗೆ ಇದನ್ನು ಯಾರೂ ಹೇಳದಿದ್ದದ್ದೇ ಒಳ್ಳೆಯದಾಯಿತು.

ಊರಿನ ಪತ್ರಿಕೆಯ ಜಾಹೀರಾತುಗಳು ಇನ್ನೂ ಮಜಾ. ಬಟ್ಟೆ ಅಂಗಡಿಯವರಿಗೆ 'ಉಪಯುಕ್ತ ಉಡುಗೊರೆ' ಎಂದರೆ ಬಲು ಪ್ರೀತಿ: ಕರವಸ್ತ್ರ, ಕೈಗವಸು, ಕೊಡೆ. ವರ್ಷವಿಡೀ ಕಾದ ಮಗುವಿನ ಕೈಗೆ ಅರ್ಧ ಡಜನ್ ಕರವಸ್ತ್ರ ಬಂದರೆ ಅದರ ಮುಖ ಹೇಗಿದ್ದಿರಬೇಡ! ಮೊದಲ ಮಹಾಯುದ್ಧ ಬಂದದ್ದೇ ತಡ, ಅದೇ ಅಂಗಡಿಗಳು ರಣರಂಗದಲ್ಲಿರುವ ಹುಡುಗರಿಗೆ ಕಳಿಸಿ ಎಂದು ಕಾಲುಚೀಲ, ಮಫ್ಲರ್ ಮುಂದಿಟ್ಟವು. 1939ರಲ್ಲಿ ಮತ್ತೆ ಯುದ್ಧ. ಬಾಂಬಿನ ಭಯಕ್ಕೆ ಕತ್ತಲಾದ ಮೇಲೆ ಬೀದಿಗೆ ಬೆಳಕು ಬೀಳುವಂತಿರಲಿಲ್ಲ, ಶೋಕೇಸುಗಳು ಕಪ್ಪಾದವು. ಕಾಗದಕ್ಕೂ ತತ್ವಾರ. ಪತ್ರಿಕೆಗಳು ತೆಳ್ಳಗಾದವು, ಜಾಹೀರಾತೂ ಜೊತೆಗೇ ಸೊರಗಿತು.

ಮರುವಾರ ಪೊಟ್ಟಣ ಕಟ್ಟಲು ಹೋಗಬೇಕಾದ ಈ ಕಾಗದಗಳನ್ನು ಈಗ ಅಲ್ಲಿನ ಸ್ಥಳೀಯ ಇತಿಹಾಸದ ಸಂಘಗಳವರು ಜೋಪಾನವಾಗಿ ಎತ್ತಿಡುತ್ತಾರೆ. ಫೋಟೊಗಳಿಗೂ ಅದೇ ಮರ್ಯಾದೆ. ಆದರೆ ಒಂದು ತಮಾಷೆ. ಮಾಲೀಕ ರಾತ್ರಿಯೆಲ್ಲ ಕೂತು ಜೋಡಿಸಿದ ಹಿಮ, ಬೊಂಬೆಗಳ ಮೇಲೆ ಅವರ ಕಣ್ಣು ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಭೂತಗನ್ನಡಿ ಹಿಡಿದು ಅವರು ಹುಡುಕುವುದು ಗಾಜಿನಲ್ಲಿ ಮೂಡಿದ ಎದುರು ಸಾಲಿನ ಪ್ರತಿಬಿಂಬವನ್ನು. ಈಗ ಇಲ್ಲದ ಕಟ್ಟಡ, ಕುದುರೆ ಗಾಡಿ, ತಲೆಕೆಳಗಾಗದಿದ್ದರೂ ಎಡಬಲ ತಿರುಗಿದ ಯಾವುದೋ ಬೋರ್ಡು. ಆ ಬೋರ್ಡಿನ ಅಕ್ಷರಗಳನ್ನು ಒಂದೊಂದಾಗಿ ಹಿಂದಿನಿಂದ ಓದುತ್ತಾ ಹೋಗುತ್ತಾರೆ. ಪಾಪ, ಅದು ಇವನ ಪೈಪೋಟಿಯ ಅಂಗಡಿಯದ್ದೇ ಆಗಿದ್ದರೆ?